ಬಾಣಲೆಗೆ ಕಿವಿ ಕೊಟ್ಟವನು

ಮುತ್ತಜ್ಜ ರೈಲು ಕಾರ್ಖಾನೆಯ ಗೇಟಿನೆದುರು ಕೈಗಾಡಿ ನಿಲ್ಲಿಸಿ ಕೋಳಿ ಕರಿದವನು. ಎಂಟುನೂರು ಆಳನ್ನು ಒಂದೇ ಸಲ ಊಟಕ್ಕೆ ಬಿಟ್ಟರೂ ಒಬ್ಬನನ್ನೂ ಬರಿಗೈಯಲ್ಲಿ ಕಳಿಸಲಿಲ್ಲವೆಂಬುದು ಅವನ ಹೆಗ್ಗಳಿಕೆ. ಅವನ ಮಗ, ಅಂದರೆ ಅಜ್ಜ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಹನ್ನೆರಡು ಬಾಣಲೆ ಕರಿದು, ಪಂದ್ಯ ಕಟ್ಟಿದ ಲಾರಿ ಮಾಲೀಕನ ಮೀಸೆ ಮಣ್ಣು ಮಾಡಿದವನು. ಮೂರನೆಯವನು ಅಪ್ಪ. ಗಾಡಿಗೆ ಶರಣು ಹೊಡೆದು, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹತ್ತಡಿ ಅಗಲದ ಅಂಗಡಿ ಹಿಡಿದ. ಮೂವತ್ತೊಂದು ವರ್ಷದಲ್ಲಿ ಅವನು ಸುಟ್ಟದ್ದು ಒಂದೇ ಒಂದು ಬಾಣಲೆ. ಅದೂ ಮಗ ಹುಟ್ಟಿದ ಸುದ್ದಿ ಬಂದ ಗಳಿಗೆಯಲ್ಲಿ, ಜಾಲರಿ ಸೌಟನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಓಡಿದ್ದರಿಂದ. ಮನೆಯವರು ಕೂಸಿಗೆ ಹೆಸರು ಹುಡುಕುವ ಮೊದಲೇ ಬೀದಿಯವರು ಹೆಸರಿಟ್ಟಾಗಿತ್ತು: ಕರಕಲು.

ಇದು ಆ ಕರಕಲನ ಕಥೆ. ಹೆಸರು ಹಾಗಿದ್ದರೂ ಅವನು ತನ್ನ ಕೈಯಾರೆ ಒಂದು ತುಂಡನ್ನೂ ಕರಕಲು ಮಾಡಿದವನಲ್ಲ. ಮೂರು ತಲೆಮಾರಿನ ವಿದ್ಯೆ ಅವನ ಕಿವಿಯಲ್ಲಿತ್ತು. ಆ ಮನೆತನದವರು ಬಾಣಲೆಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ತುಂಡು ಎಣ್ಣೆಗೆ ಬಿದ್ದಾಗ ಮೊದಲು ಚೊರ್ರೆಂದು ಬಾಯಿ ಮಾಡುತ್ತದೆ. ಅದು ಒಳಗಿನ ನೀರಿನ ಜಗಳ. ನೀರು ಇಳಿದಂತೆ ಸದ್ದು ತೆಳ್ಳಗಾಗಿ, ತಗಡಿನ ಮೇಲೆ ಹನಿ ಉದುರಿದಂತೆ ಆಗುತ್ತದೆ. ಕೊನೆಗೆ ಒಣಗಿದ ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿದ ಸದ್ದು ಬರುತ್ತದೆ. ಆಗ ಎತ್ತಬೇಕು. ಒಂದು ಉಸಿರು ಮುಂಚೆ ಎತ್ತಿದರೆ ಚರ್ಮ ರಬ್ಬರು, ಒಂದು ಉಸಿರು ತಡವಾದರೆ ಇದ್ದಿಲು. ಬಣ್ಣವನ್ನು ನಂಬಿ ಕರಿಯುವವರನ್ನು ಕಂಡರೆ ಕರಕಲು ಮೂಗು ಮುರಿಯುತ್ತಿದ್ದ.

ಅಂಗಡಿಯಲ್ಲಿ ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು ಹೆಂಡತಿ. ಗಿರಾಕಿಗಳು ಅವಳನ್ನು ಹಿಟ್ಟಕ್ಕ ಎನ್ನುತ್ತಿದ್ದರು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಇರುತ್ತಿದ್ದಳಲ್ಲ. ರೆಕ್ಕೆಗಳನ್ನು ತೊಳೆದು, ಬಟ್ಟೆಯಿಂದ ಒರೆಸಿ, ಹಿಟ್ಟಿನಲ್ಲಿ ಹೊರಳಿಸಿ, ಅವನು ಹಿಂದಕ್ಕೆ ಚಾಚಿದ ಕೈಗೆ ಕೊಡುವುದು ಅವಳ ಕೆಲಸ. ದಿನದ ಮೊದಲ ಬಾಣಲೆಯ ಮೊದಲ ರೆಕ್ಕೆ ಅವಳಿಗೆ. ಅವಳು ಕಡಿಯುತ್ತಿದ್ದಳು, ಅವನು ತಿರುಗದೆ ಕೇಳುತ್ತಿದ್ದ. ಕಟಕ್ ಎಂದರೆ ಆಯಿತು, ಅಂಗಡಿಯ ಬಾಗಿಲು ತೆರೆಯಬಹುದು. ಚೆನ್ನಾಗಿದೆ ಎಂದು ಅವಳು ಬಾಯಿ ಬಿಟ್ಟು ಹೇಳಿದ್ದು ಮೂವತ್ತಾರು ವರ್ಷದಲ್ಲಿ ಇಲ್ಲವೇ ಇಲ್ಲ.

"ಒಂದ್ಸಲ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರೆ, "ಹೇಳಿದ್ರೆ ನಾಳೆಯಿಂದ ತಲೆ ಮೇಲೆ ಕೊಂಬು ಬರುತ್ತೆ. ಟೊಪ್ಪಿಗೆ ಹಾಕ್ಕೊಳಕ್ಕಾಗಲ್ಲ" ಎನ್ನುತ್ತಿದ್ದಳು.

ಆ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಅದು ಅವಳ ಬೆನ್ನಿಗಿತ್ತು. ಬಾಣಲೆಯ ಹೊಗೆ ಹೊರಗೆ ಹೋಗಬೇಕಾದರೆ ಅವಳ ಮುಖ ಸವರಿಕೊಂಡೇ ಹೋಗಬೇಕು. ಇದು ಅವನಿಗೆ ಹೊಳೆದದ್ದು ಅಂಗಡಿ ಮುಚ್ಚಿದ ಮೇಲೆ.

ಎರಡು ವರ್ಷ ಕೆಮ್ಮಿದ ನಂತರ ಅವಳು ಮೆಟ್ಟಿಲು ಹತ್ತಲಾರದೆ ನಡುವೆ ಕೂತಳು. ಆಸ್ಪತ್ರೆಯಲ್ಲಿ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದ ಡಾಕ್ಟರು, "ಎಷ್ಟು ವರ್ಷದಿಂದ ಸಿಗರೇಟು ಸೇದ್ತಿದೀರಮ್ಮ?" ಎಂದು ಕೇಳಿದರು.

ಹಿಟ್ಟಕ್ಕ ಏದುಸಿರಿನಲ್ಲೂ ನಕ್ಕಳು. "ಸೇದಿಲ್ಲ ಡಾಕ್ಟ್ರೇ. ಕೋಳಿ ಕರಿದಿದೀವಿ."

ಕರಕಲು ನಗಲಿಲ್ಲ. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಮುರಿದು ನಿಂತಿತು. ಆ ವಾರವೇ ಅಂಗಡಿಯ ಬಾಗಿಲು ಎಳೆದ. ಎಳೆದ ದಿನ ಬೀದಿಯವರು ಬಂದು ಏನೇನೋ ಹೇಳಿದರು. ಅವನ ಕಿವಿಗೆ ಒಂದೂ ಹೋಗಲಿಲ್ಲ.

ಮೂರನೇ ಮಹಡಿಯ ಮನೆ, ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ನಡುವೆ ಬಾಗಿಲಿಲ್ಲ. ಮಂಚದ ಪಕ್ಕಕ್ಕೆ ಆಕ್ಸಿಜನ್ ಯಂತ್ರ ಬಂದು ಕೂತಿತು. ಮೊಣಕಾಲೆತ್ತರದ ಪೆಟ್ಟಿಗೆ, ಹಗಲಿರುಳು ಗುಂಯ್ ಎನ್ನುತ್ತ, ನಡುನಡುವೆ ದೊಪ್ಪೆಂದು ಉಸಿರು ಬಿಡುತ್ತಿತ್ತು. ಅದರ ಕೊಳವೆ ಅವಳ ಮೂಗಿಗೆ. ಬೆರಳ ತುದಿಗೆ ಒಂದು ಚಿಮಟಿಗೆ, ಅದರಲ್ಲಿ ಅವಳ ಉಸಿರು ಅಂಕಿಯಾಗಿ ಕಾಣುತ್ತಿತ್ತು. ಯಂತ್ರ ತಂದಿಟ್ಟ ನರ್ಸು, "ಇದಿರೋ ಕಡೆ ಬೆಂಕಿ ಹಚ್ಚಂಗಿಲ್ಲ, ಹೊಗೆ ಆಡಂಗಿಲ್ಲ. ಕಕ್ಕಸಿಗೆ ಹೋಗಿಬರೋವಷ್ಟು ಹೊತ್ತು ಕೊಳವೆ ತೆಗೆದ್ರೆ ತೊಂದ್ರೆ ಇಲ್ಲ" ಎಂದು ಹೇಳಿಹೋದರು. ಒಲೆ ತಣ್ಣಗಾಯಿತು. ಮಗಳು, ನಗರದ ಬಸ್ಸು ಓಡಿಸುವವಳು, ತನ್ನ ಪಾಳಿ ಮುಗಿಸಿ ಡಬ್ಬಿಯಲ್ಲಿ ಊಟ ತರುತ್ತಿದ್ದಳು. ಹಿಟ್ಟಕ್ಕ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು.

"ಮತ್ತೇನು ತಿಂತೀಯಮ್ಮ? ಬಾಯಿ ಬಿಟ್ಟು ಹೇಳು."

"ಒಂದು ರೆಕ್ಕೆ. ಕಟಕ್ ಅನ್ಬೇಕು. ಮೆತ್ತಗಿರೋದನ್ನ ತಿಂದೂ ತಿಂದೂ ಹಲ್ಲಿಗೆ ಕೆಲಸಾನೇ ಮರ್ತುಹೋಗಿದೆ."

ಮಗಳು ಬೇರೆ ಅಂಗಡಿಯಿಂದ ಕರಿದ ರೆಕ್ಕೆ ಕಟ್ಟಿಸಿ ತಂದಳು. ಬಸ್ಸಿನಲ್ಲಿ ಬರುವಷ್ಟರಲ್ಲಿ ಪೊಟ್ಟಣದೊಳಗೆ ಬೆವರಿ ಬಟ್ಟೆಯಂತಾಗಿತ್ತು. ಮರುವಾರ ಅವಳು ಒಂದು ಏರ್ ಫ್ರೈಯರ್ ಹೊತ್ತು ತಂದು ಮೇಜಿನ ಮೇಲಿಟ್ಟಳು. "ಬೆಂಕಿ ಇಲ್ಲ, ಎಣ್ಣೆ ಇಲ್ಲ, ಬಿಸಿಗಾಳಿಯಲ್ಲೇ ಆಗುತ್ತೆ" ಎಂದಳು.

ಕರಕಲು ಆ ಕಪ್ಪು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. "ಗಾಳಿಯಲ್ಲಿ ಒಣಗಿಸಿದ್ರೆ ಬಟ್ಟೆ ಆಗುತ್ತೆ. ಕೋಳಿ ಆಗುತ್ತಾ?" ಎಂದ.

"ನಿಮ್ಮಪ್ಪನ ವಂಶದ ಮರ್ಯಾದೆ ಹೋಯ್ತು, ಪಾಪ" ಎಂದು ಮಂಚದಿಂದ ಹಿಟ್ಟಕ್ಕ ಕಿಚಾಯಿಸಿದಳು.

ಮೊದಲ ಸಲ ಅವನು ಅಂಗಡಿಯ ಲೆಕ್ಕದಲ್ಲೇ ಹಿಟ್ಟು ಕಲಸಿ, ರೆಕ್ಕೆಗಳನ್ನು ಅದರಲ್ಲಿ ಅದ್ದಿ ಬುಟ್ಟಿಗೆ ಹಾಕಿದ. ಹಿಟ್ಟು ಬುಟ್ಟಿಯ ತೂತಿನಿಂದ ಕೆಳಗಿಳಿದು ಸೀದು, ಕೋಣೆಯಲ್ಲಿ ಹೊಗೆ ಎದ್ದಿತು. ಹಿಟ್ಟಕ್ಕ ಅರ್ಧ ಗಂಟೆ ಕೆಮ್ಮಿದಳು. ಅವನು ಕಿಟಕಿಗಳನ್ನೆಲ್ಲ ತೆಗೆದು, ರಟ್ಟಿನಲ್ಲಿ ಗಾಳಿ ಬೀಸುತ್ತ, ತನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡ.

ಕೆಮ್ಮು ನಿಂತ ಮೇಲೆ ಅವಳು, "ಹಿಟ್ಟು ಬೇಡ. ನೀರೇ ಶತ್ರು. ತಾ ಇಲ್ಲಿ" ಎಂದು ಉಳಿದ ರೆಕ್ಕೆಗಳನ್ನು ಮಂಚಕ್ಕೆ ತರಿಸಿಕೊಂಡಳು. ದಿಂಬಿಗೆ ಒರಗಿ ಕೂತು, ಒಂದೊಂದನ್ನೇ ಹತ್ತಿಬಟ್ಟೆಯಲ್ಲಿ ಒತ್ತಿದಳು. ಸಂದಿಯನ್ನು ಬಿಡಿಸಿ ಒಳಗೂ ಒತ್ತಿದಳು. ನಾಲ್ಕು ರೆಕ್ಕೆಗೆ ಅವಳು ಮೂರು ಸಲ ದಣಿವಾರಿಸಿಕೊಂಡಳು. ಉಪ್ಪು, ಮೆಣಸು, ಚಿಟಿಕೆ ಬೇಕಿಂಗ್ ಪೌಡರು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಲು ಹೇಳಿದಳು, ಚರ್ಮ ಇನ್ನಷ್ಟು ಒಣಗಲೆಂದು.

ಮರುದಿನ ಎರಡನೇ ಸಲ. ಈಗ ಹೊಗೆ ಬರಲಿಲ್ಲ. ಆದರೆ ಪೆಟ್ಟಿಗೆಯೊಳಗಿನ ಫ್ಯಾನು ಬುಸ್ಸೆನ್ನುತ್ತಿತ್ತು, ಈ ಕಡೆ ಉಸಿರಿನ ಯಂತ್ರ ಗುಂಯ್ ಎನ್ನುತ್ತಿತ್ತು. ಕರಕಲನಿಗೆ ರೆಕ್ಕೆಯ ದನಿಯೇ ಕೇಳದು. ಹುಟ್ಟಿದಾಗಿನಿಂದ ನಂಬಿದ ಕಿವಿ ಕೈಕೊಟ್ಟಂತಾಗಿ ಅವನು ಎರಡೆರಡು ನಿಮಿಷಕ್ಕೆ ಬುಟ್ಟಿ ಹೊರಗೆಳೆದ. ಎಳೆದಾಗ ಫ್ಯಾನು ನಿಲ್ಲುತ್ತಿತ್ತು, ಮೂರು ಕ್ಷಣ ಕೊಬ್ಬು ಚಿಟಿಚಿಟಿ ಎನ್ನುತ್ತಿತ್ತು, ಅಷ್ಟರಲ್ಲಿ ಉಸಿರಿನ ಯಂತ್ರ ದೊಪ್ಪೆಂದು ಅದನ್ನು ನುಂಗುತ್ತಿತ್ತು. ಹನ್ನೊಂದು ಸಲ ಎಳೆದು ಹನ್ನೊಂದು ಸಲ ಶಾಖ ಕಳೆದ. ರೆಕ್ಕೆ ಬೆಂದಿತು, ಚರ್ಮ ಮಾತ್ರ ಚಪ್ಪಲಿಯ ತೊಗಲಿನಂತಿತ್ತು. ಅವಳು ಕಚ್ಚಿ ಎಳೆದಳು. ಏನೂ ಸದ್ದಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಅವಳಿಗೆ ಅಗಿಯುವುದೇ ಭಾರವಾಗುತ್ತ ಬಂತು. ನರ್ಸು ಮಗಳನ್ನು ಮೆಟ್ಟಿಲ ಬಳಿ ಕರೆದು, ಇನ್ನು ಗಂಜಿಯಂಥದ್ದೇ ಕೊಡಬೇಕಾದೀತು ಎಂದದ್ದು ಕರಕಲನ ಕಿವಿಗೆ ಬಿತ್ತು. ಅಂಥ ಮಾತು ಮಾತ್ರ ಎಷ್ಟು ಗದ್ದಲದಲ್ಲೂ ಕೇಳಿಸುತ್ತದೆ. ಅವಳ ಹಲ್ಲಿಗೆ ಇನ್ನೊಂದು ರೆಕ್ಕೆಯಷ್ಟೇ ಕಸುವು ಉಳಿದಿರಬಹುದು. ಆ ಒಂದನ್ನು ತಾನು ಕೆಡಿಸಿದರೆ ಮುಗಿಯಿತು.

ಮೂರನೇ ಸಲ ಒಂದು ಮಧ್ಯಾಹ್ನ. ಮಗಳು ಪಾಳಿಗೆ ಹೋಗಿದ್ದಳು. ಹಿಟ್ಟಕ್ಕ ಎರಡೇ ರೆಕ್ಕೆ ಒರೆಸಿದಳು, ಅದಕ್ಕೇ ಬೆಳಗೆಲ್ಲ ಹಿಡಿಯಿತು. ಅವನು ಬುಟ್ಟಿ ತಳ್ಳಿ, ಸಮಯದ ಗುಂಡಿ ತಿರುಗಿಸಿ, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ, ಎಳೆಯದಂತೆ.

"ಟಿಣ್ ಅನ್ನೋವರೆಗೂ ಮುಟ್ಬೇಡ" ಎಂದಳು ಅವಳು. "ಆಮೇಲೆ ನನ್ ಪೆಟ್ಟಿಗೇನೂ ಆರಿಸ್ತೀನಿ. ಎರಡೂ ಸುಮ್ನಾದ್ರೆ ನಿಂಗೆ ಕೇಳಿಸುತ್ತೆ."

"ಹುಚ್ಚು ಹಿಡಿದಿದೆಯಾ?"

"ಕಕ್ಕಸಿಗೆ ಹೋಗಿಬರೋವಷ್ಟು ಹೊತ್ತು ತಾನೆ? ನರ್ಸಮ್ಮಾನೇ ಹೇಳಿಲ್ವಾ? ಕರಕಲೂ, ಇದೊಂದು ಸಲ ನನ್ ಮಾತು ಕೇಳು."

ಟಿಣ್ ಎಂದಿತು. ಅವಳು ಕೈ ಚಾಚಿ ತನ್ನ ಯಂತ್ರದ ಗುಂಡಿ ಒತ್ತಿದಳು. ಎಂಟು ತಿಂಗಳ ನಂತರ ಆ ಮನೆಯಲ್ಲಿ ನಿಶ್ಶಬ್ದ. ಕರಕಲು ಬುಟ್ಟಿ ಎಳೆದು ಬಾಗಿದ. ತಗಡಿನ ಮೇಲೆ ಹನಿ ಉದುರುವ ಸದ್ದು! "ಇನ್ನೂ ನೀರಿದೆ" ಎಂದು ಗೊಣಗಿ, ಶಾಖ ಏರಿಸಿ, ಬುಟ್ಟಿಯನ್ನು ಮತ್ತೆ ತಳ್ಳಿದ. ನಾಲ್ಕು ನಿಮಿಷ. ಈಗ ಫ್ಯಾನಿನ ಬುಸುಗುಟ್ಟುವಿಕೆಯ ಅಡಿಯಲ್ಲೂ ಅವನಿಗೆ ರೆಕ್ಕೆಯ ದನಿ ಸಿಕ್ಕಿತ್ತು, ಕಳೆದುಹೋದ ದಾರಿ ಕಾಲಿಗೆ ಸಿಕ್ಕ ಹಾಗೆ. ಪೆಟ್ಟಿಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತ. ಹನಿ ಅಪರೂಪವಾಯಿತು. ನಿಂತಿತು. ಎಲೆ ಹಿಸುಕಿದಂತೆ ಒಂದು ಸದ್ದು. ಎಳೆದ. ಎರಡು ರೆಕ್ಕೆ, ಹೊಂಬಣ್ಣ, ಮೈಯೆಲ್ಲ ಗುಳ್ಳೆ.

"ಬಂತು ನೋಡೇ!" ಎಂದು ತಿರುಗಿದ.

ಅವಳ ತುಟಿ ನೇರಳೆಯಾಗಿತ್ತು. ಯಂತ್ರ ಆರಿಯೇ ಇತ್ತು. ಚಿಮಟಿಗೆ ಹಾಕಿದ ಕೈಯನ್ನು ಅವಳು ಹೊದಿಕೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದಳು, ಅಂಕಿ ಅವನಿಗೆ ಕಾಣದಂತೆ.

ಬುಟ್ಟಿ ನೆಲಕ್ಕಿಟ್ಟನೋ ಎಸೆದನೋ ಅವನಿಗೆ ನೆನಪಿಲ್ಲ. ಗುಂಡಿ ಒತ್ತಿ, ಕೊಳವೆ ಸರಿಮಾಡಿ, ಅವಳ ಬೆನ್ನು ನೀವುತ್ತ ಕೂತ. ಬಣ್ಣ ಮರಳಲು ಬಹಳ ಹೊತ್ತು ಹಿಡಿಯಿತು. ಮಾತು ಮರಳಿದಾಗ ಅವಳು ಕೇಳಿದ ಮೊದಲ ಮಾತು, "ಎಲ್ಲಿ ರೆಕ್ಕೆ?"

"ಸುಮ್ನಿರೇ, ದಮ್ಮಯ್ಯ."

"ತಣ್ಣಗಾಗುತ್ತೆ. ತಾ."

ತಂದುಕೊಟ್ಟ. ಎರಡೂ ಕೈಯಲ್ಲಿ ಹಿಡಿದು ಕಡಿದಳು. ಕಟಕ್. ಯಂತ್ರದ ಗುಂಯ್‌ಗುಡುವಿಕೆಯನ್ನು ಸೀಳಿಕೊಂಡು ಆ ಸದ್ದು ಬಂದು ಅವನ ಎದೆಗೆ ತಾಗಿತು. ಅರ್ಧ ರೆಕ್ಕೆ ತಿಂದಳು. ತುಟಿಯಂಚಿಗೆ ಅಂಟಿದ ಚೂರನ್ನೂ ನಾಲಿಗೆಯಲ್ಲಿ ಎಳೆದುಕೊಂಡಳು. ಆಮೇಲೆ ಮೂವತ್ತಾರು ವರ್ಷ ಹೇಳದ್ದನ್ನು ಹೇಳಿದಳು: "ಚೆನ್ನಾಗಿದೆ ಕಣೋ."

ಅವನಿಗೆ ಅದು ಹಿತವಾಗಲಿಲ್ಲ. ಹೇಳಬಾರದ್ದನ್ನು ಹೇಳಿಬಿಟ್ಟಳು ಎನಿಸಿತು.

"ಮಗಳಿಗೆ ಹೇಳ್ಬೇಡ, ಯಂತ್ರ ಆರಿಸಿದ್ದು. ಬೈತಾಳೆ" ಎಂದು ಕಣ್ಣು ಮುಚ್ಚಿದಳು.

ಅದಾದ ಹತ್ತೊಂಬತ್ತನೇ ದಿನ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಮರುವಾರ ಇಬ್ಬರು ಬಂದು ಆಕ್ಸಿಜನ್ ಯಂತ್ರ ಒಯ್ದರು. ನೆಲದ ಮೇಲೆ ಅದರ ನಾಲ್ಕು ಚಕ್ರದ ಗುರುತು ಉಳಿಯಿತು. ಈಗ ಆ ಮನೆಯಲ್ಲಿ ಏನು ಬೇಕಾದರೂ ಕೇಳುತ್ತದೆ: ಕೆಳಮನೆಯವರ ನಲ್ಲಿ, ಫ್ರಿಜ್ಜಿನೊಳಗೆ ಮಂಜು ಬಿರಿಯುವುದು, ತನ್ನದೇ ಮೊಣಕಾಲು ಲಟಕ್ಕೆನ್ನುವುದು. ಒಂದು ಗಳಿಗೆ ಸದ್ದಡಗಲಿ ಎಂದು ಹಂಬಲಿಸಿದವನಿಗೆ ಬದುಕಿರುವಷ್ಟೂ ದಿನದ ನಿಶ್ಶಬ್ದ ದಕ್ಕಿತ್ತು.

ರಜೆಯ ದಿನ ಮಗಳು ಬಂದಾಗ ಅವನು ಮೇಜಿನ ಮುಂದೆ ನಾಲ್ಕು ರೆಕ್ಕೆ ಹರಡಿಕೊಂಡು ಕೂತಿದ್ದ. ಕೈಯಲ್ಲಿ ಹತ್ತಿಬಟ್ಟೆ. ಒತ್ತಲು ಬಾರದೆ ಉಜ್ಜಿ ಉಜ್ಜಿ ಎರಡು ರೆಕ್ಕೆಯ ಚರ್ಮ ಹರಿದಿದ್ದ.

"ಅಪ್ಪಾ, ನಮ್ಮನೆಗೆ ಬಂದ್ಬಿಡು. ಇಲ್ಲಿ ಒಬ್ನೇ ಏನ್ ಮಾಡ್ತೀಯ?"

ಅವನು ತಲೆ ಎತ್ತಲಿಲ್ಲ. "ಅವತ್ತು ಮಧ್ಯಾಹ್ನ ಯಂತ್ರ ಆರಿತ್ತು. ನಾನು ರೆಕ್ಕೆ ಕೇಳ್ತಾ ನಿಂತಿದ್ದೆ. ನಾಲ್ಕು ನಿಮಿಷ ತಿರುಗಿ ನೋಡ್ಲಿಲ್ಲ."

ಮಗಳು ಕೈಚೀಲ ಕೆಳಗಿಟ್ಟಳು. "ಗೊತ್ತು. ಅಮ್ಮ ಆಸ್ಪತ್ರೆಯಲ್ಲಿ ಹೇಳಿದ್ಳು, ನಗ್ತಾ ಹೇಳಿದ್ಳು. ನರ್ಸನ್ನೂ ಕೇಳ್ದೆ. ಅದ್ರಿಂದ ಅಲ್ವಂತಪ್ಪ. ಅವಳ ಎದೆ ಮೊದ್ಲೇ ಸೋತಿತ್ತಂತೆ."

"ಮೊದ್ಲೇ ಸೋಲಿಸಿದ್ದು ಯಾರು?"

ಮಗಳು ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಕಿಟಕಿಯ ಕಡೆ ಕೂತು, ಕೈ ಚಾಚಿದಳು. "ಕೊಡಪ್ಪ ಬಟ್ಟೆ. ನಾನು ಒರೆಸ್ತೀನಿ, ನೀನು ಬೇಯ್ಸು. ನೀನು ಹೀಗೆ ಉಜ್ಜಿದ್ರೆ ಒಂದೂ ಉಳಿಯಲ್ಲ."

ಕರಕಲು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಬೇಡ ಮಗಳೇ, ಕೈ ತೆಗಿ. ಮೂವತ್ತಾರು ವರ್ಷ ಅವಳು ಒರೆಸಿ ಕೊಟ್ಟಿದ್ದನ್ನ ತಿರುಗಿ ನೋಡದೆ ಇಸ್ಕೊಂಡೆ. ಎಷ್ಟು ಹರಿದ್ರೂ ಪರವಾಗಿಲ್ಲ, ಇದನ್ನ ನಾನೇ ಮಾಡ್ತೀನಿ. ನೀನು ಮೊದ್ಲು ಅಲ್ಲಿಂದ ಏಳು. ಈ ಕಡೆ ಬಂದು ಕೂತ್ಕೋ, ಕಿಟಕಿ ಕಡೆ ನಾನಿರ್ತೀನಿ."