ಮದ್ದಿನ ಶೆಡ್ಡಿಗೆ ನೈಲಾನ್ ಸೀರೆ

ಗಂಗಕ್ಕನ ಎರಡು ವಾರದ ಕೂಲಿ ಇನ್ನೂ ಬಾಕಿ ಇದೆ. ಸಿರುಗುಪ್ಪದ ಗದ್ದೆಗಳಲ್ಲಿ ಹಂದಿ ಹೊಡೆಯುವ ನಾಡಬಂದೂಕಿಗೆ ಅವಳು ಕುರುಗೋಡಿನ ಶೆಡ್ಡಿನಲ್ಲಿ ಕಾಗದ ಸುತ್ತಿ, ಮದ್ದು ತುಂಬಿ, ತೋಟಾ ಕಟ್ಟುತ್ತಿದ್ದಳು. ನೈಲಾನ್ ಉಜ್ಜಿದರೆ ಕಿಡಿ ಏಳುತ್ತದೆಂದು ಅಲ್ಲಿನ ಹೆಂಗಸರು ನೂಲಿನ ಸೀರೆಯನ್ನೇ ಉಡುತ್ತಿದ್ದರು. ಕೂಲಿ ಕೇಳಿದರೆ ಮಾಲೀಕ ಒಂದು ನೈಲಾನ್ ಸೀರೆ ಎಸೆದ.

"ಕೂಲಿ ಬದ್ಲಿ ಇದು. ನಾಳಿ ಇದನ್ನ ಉಟ್ಕೊಂಡು ಬಾ."

"ಮದ್ದಿನ ಹತ್ರ ಬ್ಯಾಡ್ರಿ ಧಣಿ, ಸುಟ್ಟು ಹೋಗ್ತೀನಿ."

"ಲೇ, ದೊಡ್ಡ ರಾಣಿ ಏನ್ ನೀನು? ಉಡದಿದ್ರ ಕೆಲಸಕ್ಕ ಬರಬ್ಯಾಡ."

ಉಟ್ಟು ಬಂದಳು. ಮದ್ದು ಭುಗ್ಗೆಂದಿತು. ಸೀರೆ ಕರಗಿ ಮೈಗೆ ಅಂಟಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿದಾಗ ಚರ್ಮವೂ ಕಿತ್ತು ಬಂತು.

"ಬೀಡಿ ಸೇದತಿದ್ಲು" ಎಂದು ಮಾಲೀಕ ಪೊಲೀಸರಿಗೆ ಹೇಳಿದ್ದಾನೆ.

ಅವನು ಸೀರೆ ಎಸೆದಾಗ ತೋಟಾ ಕೊಳ್ಳಲು ನಿಂತಿದ್ದವರೇ, ನೀವು ಕಣ್ಣಾರೆ ಕಂಡಿದ್ದೀರಿ. ಠಾಣೆಗೆ ಬಂದು ಹೇಳಿ.