ತನ್ನೂರೇ ಇಲ್ಲದ ಪುಸ್ತಕ ಮಾರಿದ ತಿಪ್ಪೇಶಪ್ಪ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಇನ್ನೂ ನಸುಕು. ದಾವಣಗೆರೆಯಿಂದ ಬಂದು ನಿಂತ ಶಿವಮೊಗ್ಗದ ಬಸ್ಸು ಹೊರಡಲು ಸಮಯವಿದೆ. ಡ್ರೈವರ್ ಟೀ ಕುಡಿಯಲು ಇಳಿದಿದ್ದಾರೆ, ಒಳಗೆ ಕೂತವರು ಅರೆನಿದ್ದೆಯಲ್ಲಿದ್ದಾರೆ. ಹಿಂದಿನ ಬಾಗಿಲಿನಿಂದ ಹತ್ತಿದ ತಿಪ್ಪೇಶಪ್ಪ ಯಾರನ್ನೂ ಕೇಳುವುದಿಲ್ಲ. ಬಗಲಿನ ಚೀಲದಿಂದ ತೆಳ್ಳನೆಯ ಪುಸ್ತಕಗಳನ್ನು ತೆಗೆದು ಒಬ್ಬೊಬ್ಬರ ಮಡಿಲಿಗೆ ಒಂದೊಂದು ಇಡುತ್ತಾ ಮುಂದೆ ಬರುತ್ತಾರೆ. ಗೊರಕೆ ಹೊಡೆಯುವವರ ತೊಡೆಯ ಮೇಲೂ ಒಂದು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದವರ ಬುಟ್ಟಿಯ ಮೇಲೂ ಒಂದು. ಮೇಲೆ ದಪ್ಪಕ್ಷರದಲ್ಲಿ ‘ಸಾಮಾನ್ಯ ಜ್ಞಾನ, ಸಾವಿರ ಪ್ರಶ್ನೆ ಸಾವಿರ ಉತ್ತರ’ ಎಂದಿದೆ. ಬೇಕಾದವರು ದುಡ್ಡು ಕೊಡುತ್ತಾರೆ, ಬೇಡವಾದವರ ಮಡಿಲಿನಿಂದ ತಿಪ್ಪೇಶಪ್ಪ ತಾವು ಇಳಿಯುವ ಮುನ್ನ ಆರಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಪುಸ್ತಕ ಮಾರುವವರು ಮೊದಲಿನಿಂದಲೂ ಮಾಡಿಕೊಂಡು ಬಂದ ಕ್ರಮವಿದು.

ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಬೆನ್ನು ಕೊಟ್ಟು ನಿಂತು ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ. “ನೋಡಾಕೆ ದುಡ್ಡಿಲ್ರಿ, ಹಿಡ್ಕೊಳಾಕೆ ದುಡ್ಡಿಲ್ರಿ. ಆದ್ರೆ ಪುಸ್ತಕದ ಮಾತಿಗಿಂತ ಮೊದ್ಲು ನನ್ನ ತಪ್ಪು ಕೇಳ್ರಿ. ಈ ಹಿಂದೆ ನಾನು ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಮಾರೀನಿ. ನೀಲಿ ರಟ್ಟಿನದು. ನಿಮ್ಮನೆಯಾಗೆ ಯಾರತ್ರನಾದ್ರೂ ಇದ್ರೆ ಓದಬ್ಯಾಡ್ರಿ, ತಂದು ಕೊಡ್ರಿ. ಬದಲಿ ಕೊಡ್ತೀನಿ.”

ಅರೆನಿದ್ದೆಯಲ್ಲಿದ್ದವರು ಕಣ್ಣು ಬಿಡುತ್ತಾರೆ. ತನ್ನ ಮಾಲು ಬಂಗಾರ ಎನ್ನದ ಮಾರಾಟಗಾರನನ್ನು ಯಾರು ಕಂಡಿದ್ದಾರೆ? ಮುಲಾಮು ಮಾರುವವನು ಸತ್ತವರೂ ಎದ್ದು ಕೂರುತ್ತಾರೆ ಎನ್ನುತ್ತಾನೆ, ಬಾಚಣಿಗೆ ಮಾರುವವನು ಬೋಳುತಲೆಗೂ ಮಾರುತ್ತಾನೆ. ಈ ಪುಣ್ಯಾತ್ಮ ಬೆಳಗಾಗೆದ್ದು ತನ್ನ ಮರ್ಯಾದೆಯನ್ನು ತಾನೇ ಕಳೆದುಕೊಳ್ಳುತ್ತಾನಲ್ಲ ಎಂದು ಒಬ್ಬರು ಪಕ್ಕದವರ ಮುಖ ನೋಡುತ್ತಾರೆ. ತಿಪ್ಪೇಶಪ್ಪನವರ ಕಿವಿ ಕೆಂಪಗಾಗುತ್ತದೆ. ದಿನವೂ ಹೇಳುವ ಮಾತಾದರೂ ದಿನವೂ ಹೀಗೇ ಆಗುತ್ತದೆಯಂತೆ.

ಆಮೇಲೆ ದನಿ ಏರುತ್ತದೆ. “ಸಮುದ್ರ ಮಥನದಾಗೆ ಕಡಗೋಲಾದ ಬೆಟ್ಟ ಯಾವ್ದು? ಮಂದರ ಪರ್ವತ! ಷಟ್ಪದಿಗೆ ಎಷ್ಟು ಸಾಲು? ಹೆಸರಿನಾಗೇ ಐತಲ್ರಿ, ಆರು! ಮನುಷ್ಯನ ದೇಹದಾಗೆ ಅತಿ ದೊಡ್ಡ ಅಂಗ ಯಾವ್ದು? ಹೇಳ್ರಿ ಅಕ್ಕಾರೆ... ಲಿವರ್ರು? ಅಲ್ರಿ, ಚರ್ಮ! ವಿಜಯನಗರದ ಅರಸರ ರಾಜಧಾನಿ ಯಾವ ಹೊಳೆ ದಂಡೆಗಿತ್ತು? ಅದಕ್ಯಾಕೆ ಪುಸ್ತಕ, ನೀವು ಈಗ ದಾಟಿ ಬಂದ್ರಲ್ಲ, ಅದೇ ತುಂಗಭದ್ರಾ!” ಹೊಳೆಯ ಹೆಸರು ಬಂದೊಡನೆ ಬಸ್ಸಿನಲ್ಲಿ ನಗು ಹರಡುತ್ತದೆ. ಮೂರ್ನಾಲ್ಕು ಪುಸ್ತಕ ಖರ್ಚಾಗುತ್ತವೆ. ಉಳಿದವನ್ನು ಆರಿಸಿಕೊಂಡು, ಡ್ರೈವರ್ ಹಾರ್ನ್ ಹೊಡೆಯುವಷ್ಟರಲ್ಲಿ ಅವರು ಕೆಳಗಿರುತ್ತಾರೆ.

ಐವತ್ತು ದಾಟಿದ ತಿಪ್ಪೇಶಪ್ಪನವರದು ನ್ಯಾಮತಿ. ಅಲ್ಲಿಂದ ಮೊದಲ ಬಸ್ಸಿಗೆ ಹೊನ್ನಾಳಿಗೆ ಬರುತ್ತಾರೆ. ಒಂದು ದಿನ ಚನ್ನಗಿರಿ, ಸಂತೆಯ ದಿನ ಸಂತೇಬೆನ್ನೂರು. ಮೊದಲೆಲ್ಲ ವಾರಕ್ಕೊಮ್ಮೆ ದೂರದ ಜಗಳೂರೂ ಇತ್ತು. ಹತ್ತನೇ ತರಗತಿಯ ಗಣಿತ ಕೈಕೊಟ್ಟಲ್ಲಿಗೆ ಓದು ನಿಂತಿತು. ಪಿನ್ನು, ಬಾಚಣಿಗೆ, ಕರ್ಪೂರ ಎಲ್ಲ ಮಾರಿ ನೋಡಿದರು. “ಬಾಚಣಿಗೆ ಮಾರುವಾಗ ಇಳಿಯಯ್ಯಾ ಕೆಳಗೆ ಅಂತಿದ್ರು. ಪುಸ್ತಕ ಹಿಡಿದ ಮೇಲೆ ಬರ್ರಿ ಮೇಷ್ಟ್ರೆ ಅಂದ್ರು. ಆ ಒಂದು ಮಾತಿಗೆ ಈ ಕೆಲ್ಸ ಬಿಡಲಿಲ್ಲ ನೋಡ್ರಿ,” ಎನ್ನುತ್ತಾರೆ. ಈಗಲೂ ಕಂಡಕ್ಟರ್‌ಗಳಿಗೆ, ಟೀ ಅಂಗಡಿಯವರಿಗೆ ಅವರು ಮೇಷ್ಟ್ರೇ. ಆದರೆ ಹಾಗೆ ಕರೆದಾಗ ಅವರು ತಲೆ ಎತ್ತುವುದಿಲ್ಲ.

ಕೊರೊನಾ ಬಂದು ಬಸ್ಸುಗಳು ನಿಂತ ಕಾಲದಲ್ಲಿ ಪುಸ್ತಕ ಕೇಳುವವರೇ ಇಲ್ಲದಂತಾಯಿತು. ಬಸ್ಸು ಮತ್ತೆ ಓಡತೊಡಗಿದಾಗ ಸಗಟು ವ್ಯಾಪಾರಿಯೊಬ್ಬರು ಎಷ್ಟೋ ವರ್ಷದ ಹಿಂದೆ ಅಚ್ಚಾದ ಮಾಲನ್ನು ರದ್ದಿ ಬೆಲೆಗೆ ಕೊಟ್ಟರು. ಜೊತೆಗೆ ‘ಹೊಸ ಆವೃತ್ತಿ’ ಎಂದು ಅಚ್ಚಾದ ನೀಲಿ ರಟ್ಟುಗಳನ್ನು ಬೇರೆ ಕಟ್ಟಿ ಕೊಟ್ಟರು. ಹಳೇ ರಟ್ಟು ಕಿತ್ತು ಹೊಸದು ಹೊಡೆಯಬೇಕು, ಅಷ್ಟೇ. ಈ ವ್ಯಾಪಾರದಲ್ಲಿ ಇದು ಹೊಸದೇನಲ್ಲ. ತಿಪ್ಪೇಶಪ್ಪನವರ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಆ ಕೆಲಸ ಮುಗಿಸಿದರು.

“ಸ್ಟೇಪ್ಲರ್ ಹೊಡೆದೋಳು ನಾನೇ. ಎಲ್ಲಾ ತಪ್ಪು ಅವರ ತಲೆಗೆ ಕಟ್ಟಬ್ಯಾಡ್ರಿ,” ಎನ್ನುತ್ತಾರೆ ಹೆಂಡತಿ ಶಂಕ್ರಮ್ಮ, ಒಲೆಯ ಮುಂದಿನಿಂದ ಮುಖ ತಿರುಗಿಸದೆ.

ಪೂರಾ ಕಣ್ಣು ಮುಚ್ಚಿಕೊಂಡೇನೂ ಮಾಡಲಿಲ್ಲ. ಹಳತಾದ ಉತ್ತರಗಳನ್ನು ಪೆನ್ನಿನಲ್ಲಿ ತಿದ್ದೋಣವೆಂದು ಕೂತರು. ರಾಜ್ಯದಲ್ಲಿ ಮೂವತ್ತು ಜಿಲ್ಲೆ ಎಂದಿದ್ದಲ್ಲಿ ಒಂದನ್ನು ಸೇರಿಸಿ ಮೂವತ್ತೊಂದು ಮಾಡಿದರು. ತಮ್ಮ ದಾವಣಗೆರೆ ಜಿಲ್ಲೆಯ ಪುಟ ಬಂತು. ತಾಲ್ಲೂಕುಗಳೆಷ್ಟು? ಆರು ಎಂದಿತ್ತು. ಬೆರಳು ಮಡಿಚಿ ಲೆಕ್ಕ ಹಾಕಿದರು, ಈಗಲೂ ಆರೇ. ಸರಿ ಐತೆ ಎಂದು ಪುಟ ಮಗುಚಿದರು.

ಎಡವಿದ್ದು ಅಲ್ಲೇ. ಹರಪನಹಳ್ಳಿ ತಾಲ್ಲೂಕು ಜಿಲ್ಲೆಯಿಂದ ಆಚೆ ಹೋಗಿತ್ತು, ನ್ಯಾಮತಿ ಹೊಸದಾಗಿ ತಾಲ್ಲೂಕಾಗಿತ್ತು. ಒಂದು ಹೋಗಿ ಒಂದು ಬಂದದ್ದರಿಂದ ಲೆಕ್ಕ ಮಾತ್ರ ಅಲ್ಲಾಡದೆ ನಿಂತಿತ್ತು. ಆರರ ಕೆಳಗೆ ಸಣ್ಣಕ್ಷರದಲ್ಲಿದ್ದ ಹೆಸರುಗಳನ್ನು ಅವರು ಓದಲಿಲ್ಲ. ಅದರಲ್ಲಿ ಹರಪನಹಳ್ಳಿ ಇತ್ತು, ನ್ಯಾಮತಿ ಇರಲಿಲ್ಲ. ತಾಲ್ಲೂಕಾದ ದಿನ ಊರಿನವರಿಗೆಲ್ಲ ಕೈಯಾರೆ ಮಂಡಕ್ಕಿ ಹಂಚಿದ ಮನುಷ್ಯ, ತನ್ನೂರೇ ಇಲ್ಲದ ಪುಸ್ತಕವನ್ನು ಬಗಲಲ್ಲಿ ಹೊತ್ತು ಊರೂರು ಮಾರಿದರು!

ಗೊತ್ತಾದದ್ದು ಜಗಳೂರಿನಲ್ಲಿ, ಸೊಕ್ಕೆಗೆ ಹೋಗುವ ಸಂಜೆ ಬಸ್ಸಿನೊಳಗೆ. ಎಂದಿನಂತೆ ಮಡಿಲಿಗೊಂದು ಪುಸ್ತಕ ಇಟ್ಟು ಅವರು ಮಾತು ಶುರು ಮಾಡಿದ್ದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಪುಟ ತೆರೆದು ನೋಡಿ ಕೇಳಿದಳು.

“ಅಂಕಲ್, ನ್ಯಾಮತಿ ಯಾವ ಜಿಲ್ಲೇರಿ?”

“ನಮ್ಮೂರೇ ತಾಯಿ! ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು,” ಎಂದು ಎದೆಯುಬ್ಬಿಸಿದರು ತಿಪ್ಪೇಶಪ್ಪ.

“ಹಂಗಾದ್ರೆ ನಿಮ್ಮ ಪುಸ್ತಕದಾಗೆ ಯಾಕಿಲ್ಲ?”

ಪುಸ್ತಕ ಕೈಗೆ ತೆಗೆದುಕೊಂಡರು, ಓದಿದರು. ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ಕಂಡಕ್ಟರ್ ಕೆಂಚೇಶ್ ನಕ್ಕುಬಿಟ್ಟರು. “ಏನ್ ಮೇಷ್ಟ್ರೆ, ನಿಮ್ಮೂರು ನಿಮಗೇ ಸಿಗವಲ್ದಾ?” ಬಸ್ಸಿಗೆ ಬಸ್ಸೇ ನಕ್ಕಿತು. ಆ ಹುಡುಗಿ ಮಾತ್ರ ನಗಲಿಲ್ಲ.

ಸೊಕ್ಕೆಯ ಕಾವ್ಯಶ್ರೀ ಆಕೆ. ಜಗಳೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ಬಿಡುವಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದು. ಅದೇ ಬಸ್ಸಿನಲ್ಲಿ ಅದೇ ತಿಪ್ಪೇಶಪ್ಪನವರಿಂದ ಕೊಂಡ ನೀಲಿ ಪುಸ್ತಕವನ್ನು ಬಾಯಿಪಾಠ ಮಾಡಿದ್ದಳು. ಪರೀಕ್ಷೆಯಲ್ಲಿ ದಾವಣಗೆರೆ ಜಿಲ್ಲೆಗೆ ಸೇರದ ತಾಲ್ಲೂಕು ಯಾವುದೆಂದು ಕೇಳಿದ್ದರು. ಕೊಟ್ಟ ಆಯ್ಕೆಗಳಲ್ಲಿ ಹರಪನಹಳ್ಳಿಯೂ ಇತ್ತು, ನ್ಯಾಮತಿಯೂ ಇತ್ತು.

“ಹರಪನಹಳ್ಳಿ ಸೀಮೆಯಾಗೆ ನಮ್ಮ ದೊಡ್ಡವ್ವ ಇದಾರೆ ಅಂಕಲ್. ಅವರ ಜಿಲ್ಲೆ ಬದಲಾದದ್ದು ನಮ್ಮ ಮನೆಯಾಗೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಪೆನ್ನು ಹರಪನಹಳ್ಳಿ ಮೇಲೇ ಇಟ್ಟಿದ್ದೆ. ಆಮೇಲೆ, ಪುಸ್ತಕದಾಗೆ ಐತಲ್ಲ, ಹೊಸ ಆವೃತ್ತಿ ಬ್ಯಾರೆ, ನನಗೇ ತಪ್ಪು ತಿಳಿದಿರಬೇಕು ಅಂದ್ಕೊಂಡು ನ್ಯಾಮತಿಗೆ ಗುರುತು ಹಾಕಿದೆ. ಒಂದೇ ಅಂಕದಾಗೆ ಹೋತು.”

ಬೈಯಲಿಲ್ಲ, ಅಳಲೂ ಇಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಕಿಟಕಿಯ ಕಡೆ ತಿರುಗಿದಳು. ತಿಪ್ಪೇಶಪ್ಪ ಬಸ್ಸಿನಿಂದ ಇಳಿದುಬಿಟ್ಟರು. ಮಡಿಲುಗಳಲ್ಲಿದ್ದ ಪುಸ್ತಕಗಳನ್ನು ಆರಿಸಿಕೊಳ್ಳಲೂ ಕಾಲು ನಿಲ್ಲಲಿಲ್ಲ. ಕೆಂಚೇಶ್ ಕೂಗಿ ಕರೆದರೂ ತಿರುಗಲಿಲ್ಲ.

“ಸುಳ್ಳು ಹೇಳಿ ಮಾರಿದ್ದಕ್ಕೆ ನಾಚಿಕೆ ಆತು, ಅದು ಬಿಡ್ರಿ. ಆ ಹುಡುಗಿಗೆ ಸರಿ ಉತ್ತರ ಗೊತ್ತಿತ್ತಲ್ರಿ! ಗೊತ್ತಿದ್ದೋಳ ತಲೆಯಾಗಿಂದ ಸರಿಯಾದದ್ದು ಕಿತ್ತು ತಪ್ಪು ತುಂಬೀನಿ ನಾನು. ಬಾಚಣಿಗೆ ಮಾರಿದ್ರೆ ಹಲ್ಲು ಮುರೀತಿತ್ತು, ಅಷ್ಟೇ. ಇದು ಹಂಗಲ್ಲ.” ಈ ಮಾತು ಹೇಳುವಾಗ ಅವರು ಚೀಲದ ಬಾರನ್ನು ತಿರುಚುತ್ತಲೇ ಇರುತ್ತಾರೆ.

ಮನೆಯಲ್ಲಿ ಉಳಿದಿದ್ದ ನೀಲಿ ರಟ್ಟಿನವನ್ನು ಶಂಕ್ರಮ್ಮ ನೀರೊಲೆಗೆ ಹಾಕಿದರು. ಬೇರೆ ವ್ಯಾಪಾರಿಯಿಂದ ನಿಜವಾಗಿ ಹೊಸದಾಗಿ ಅಚ್ಚಾದ ಪುಸ್ತಕ ತಂದು, ತಪ್ಪೊಪ್ಪಿಗೆಯ ಮಾತನ್ನು ಮೊದಲಿಗಿಟ್ಟುಕೊಂಡು ತಿಪ್ಪೇಶಪ್ಪ ಮತ್ತೆ ಬಸ್ಸು ಹತ್ತಿದರು. ಹೊನ್ನಾಳಿ ಆಯಿತು, ಚನ್ನಗಿರಿ ಆಯಿತು. ಸಂತೇಬೆನ್ನೂರಿನಲ್ಲಿ ಒಬ್ಬರು ಹಳೆಯ ಪುಸ್ತಕವನ್ನು ಮುಖದ ಮೇಲೆ ಎಸೆದರು, ಅದನ್ನೂ ಬಗ್ಗಿ ಎತ್ತಿಕೊಂಡು ಹೊಸದು ಕೊಟ್ಟರು. ಜಗಳೂರಿಗೆ ಮಾತ್ರ ಹೋಗಲಿಲ್ಲ. ಯಾರಾದರೂ ಕೇಳಿದರೆ ದೂರವಾಗುತ್ತದೆ, ಮಂಡಿನೋವು ಎನ್ನುತ್ತಿದ್ದರು. ಅದೂ ಸುಳ್ಳೆಂದು ಅವರಿಗೆ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

“ಎಲ್ಲಾ ಊರಾಗೂ ತಪ್ಪು ಒಪ್ಕೊಂಡು, ತಪ್ಪು ಮಾಡಿದ ಊರು ಒಂದು ಬಿಟ್ಟು ಬಂದ್ರೆ ಏನು ಬಂತ್ರೀ?” ಎಂದು ಶಂಕ್ರಮ್ಮ ಒಂದು ಬೆಳಿಗ್ಗೆ ರೊಟ್ಟಿಯ ಬುತ್ತಿ ಕಟ್ಟಿ ಕೈಗಿತ್ತರು. ಕೊಟ್ಟಿದ್ದು ಬುತ್ತಿಯಾದರೂ ಹೇಳಿದ್ದು ಹೋಗಿ ಬನ್ನಿ ಎಂದು.

ಕಳೆದ ವಾರದ ಮಾತು. ತಿಪ್ಪೇಶಪ್ಪ ಜಗಳೂರಿನ ಅದೇ ಸಂಜೆ ಬಸ್ಸಿನ ಬಾಗಿಲಲ್ಲಿ ನಿಂತಿದ್ದಾರೆ. ಹತ್ತಲು ಹೋಗಿ ಇಳಿಯುತ್ತಾರೆ, ಕೊನೆಗೆ ಕೆಂಚೇಶ್ ಅವರೇ ರಟ್ಟೆ ಹಿಡಿದು ಹತ್ತಿಸುತ್ತಾರೆ. ಕಿಟಕಿ ಪಕ್ಕದಲ್ಲಿ ಕಾವ್ಯಶ್ರೀ ಇದ್ದಾಳೆ. ಅವಳ ಮಡಿಲಿಗೆ ಪುಸ್ತಕ ಇಡಲು ಕೈ ಬರುವುದಿಲ್ಲ, ಅವಳನ್ನು ದಾಟಿ ಮುಂದೆ ಹೋಗುತ್ತಾರೆ. ಕಂಬಿಗೆ ಬೆನ್ನು ಕೊಟ್ಟು ತಪ್ಪಿನ ಮಾತು ಶುರು ಮಾಡಿದರೆ ದನಿ ಒಡೆಯುತ್ತದೆ. “ಇದೇ ಬಸ್ಸಿನಾಗೆ ಒಂದು ಹುಡುಗಿ ಬಾಳಿಗೆ ಮಣ್ಣು ಹಾಕೀನಿ,” ಎನ್ನುತ್ತಾರೆ. ಯಾರೂ ನಗುವುದಿಲ್ಲ. ಕಾವ್ಯಶ್ರೀ ಹೊರಗೆ ನೋಡುತ್ತಿರುತ್ತಾಳೆ.

ಮಾತು ಮುಂದುವರಿಸಲೇಬೇಕಲ್ಲ ಎಂದು ಅವರು ಕೈಯಲ್ಲಿದ್ದ ಪುಸ್ತಕ ತೆರೆದು, ಕಣ್ಣಿಗೆ ಬಿದ್ದ ಪ್ರಶ್ನೆ ಓದುತ್ತಾರೆ. “ನಮ್ಮ ದೇಶದ ರಾಷ್ಟ್ರೀಯ ಕ್ರೀಡೆ ಯಾವ್ದು?”

“ಹಾಕಿ!” ಹಿಂದಿನ ಸೀಟಿನವರೂ ಮುಂದಿನವರೂ ಒಟ್ಟಿಗೇ ಕೂಗುತ್ತಾರೆ. ಪುಸ್ತಕದಲ್ಲಿಯೂ ಹಾಕಿ ಎಂದೇ ಅಚ್ಚಾಗಿದೆ.

“ಅಲ್ಲ,” ಎನ್ನುತ್ತಾಳೆ ಕಾವ್ಯಶ್ರೀ. “ಯಾವ್ದೂ ಅಲ್ಲ. ಯಾವ ಆಟನೂ ರಾಷ್ಟ್ರೀಯ ಕ್ರೀಡೆ ಅಂತ ಸರ್ಕಾರ ಘೋಷಣೆ ಮಾಡಿಲ್ಲ.”

ಬಸ್ಸಿನವರೆಲ್ಲ ಅವಳ ಮೇಲೆ ಮುಗಿಬೀಳುತ್ತಾರೆ. ಏನಮ್ಮಾ, ನಾವು ಶಾಲೆಯಾಗೆ ಓದಿಲ್ವಾ ಎನ್ನುತ್ತಾರೆ ಒಬ್ಬರು. ಪುಸ್ತಕ ಬರೆದವರಿಗಿಂತ ನಿನಗೆ ಜಾಸ್ತಿ ಗೊತ್ತೈತಾ ಎನ್ನುತ್ತಾರೆ ಇನ್ನೊಬ್ಬರು. ಕೆಂಚೇಶ್ ಕೂಡ, “ಹಾಕಿನೇ ಬಿಡವ್ವ, ಮಕ್ಕಳನ್ನ ಕೇಳಿದ್ರೂ ಹೇಳ್ತಾವೆ,” ಎನ್ನುತ್ತಾರೆ. ಕಾವ್ಯಶ್ರೀಯ ಮುಖ ಕೆಂಪಾಗುತ್ತದೆ. ತುಟಿ ಬಿಗಿಯುತ್ತದೆ. “ಎಷ್ಟು ಜನ ಹೇಳಿದ್ರೂ ಅಷ್ಟೇ. ನನಗೆ ಗೊತ್ತೈತೆ,” ಎಂದು ಕೂತಲ್ಲೇ ನೆಟ್ಟಗಾಗುತ್ತಾಳೆ.

ಎಲ್ಲರೂ ಈಗ ಮೇಷ್ಟ್ರ ಕಡೆ ನೋಡುತ್ತಾರೆ. ಅವರಿಗೆ ಉತ್ತರ ಗೊತ್ತಿಲ್ಲ, ಇಷ್ಟು ದಿನ ಹಾಕಿ ಎಂದೇ ನಂಬಿದವರು. ಕೈಯಲ್ಲಿರುವ ಪುಸ್ತಕ ನಿಜವಾಗಿಯೂ ಹೊಸದು, ಅದರಲ್ಲಿ ತಪ್ಪಿಲ್ಲವೆಂದು ಜವಾಬ್ದಾರಿ ಹೊತ್ತು ಊರೂರು ತಿರುಗಿದ್ದಾರೆ. ಅವರು ಪುಸ್ತಕ ಮುಚ್ಚುತ್ತಾರೆ. ಸೀಟಿನಿಂದ ಸೀಟಿಗೆ ಹೋಗಿ ಎಲ್ಲರ ಮಡಿಲಿನಿಂದಲೂ ಆರಿಸಿಕೊಳ್ಳುತ್ತಾರೆ. ದುಡ್ಡು ಕೈಯಲ್ಲಿ ಹಿಡಿದವರಿಂದಲೂ ಬಿಡುವುದಿಲ್ಲ. “ಇವತ್ತು ವ್ಯಾಪಾರ ಇಲ್ರಿ. ತಿಳಿದೋರನ್ನ ಕೇಳಿ, ತಪ್ಪಿದ್ರೆ ತಿದ್ದಿ ತರ್ತೀನಿ. ಆ ಹುಡುಗಿಗೆ ಯಾರೂ ಏನೂ ಅನ್ನಬ್ಯಾಡ್ರಿ.” ಕಾವ್ಯಶ್ರೀ ಒಮ್ಮೆ ಅವರ ಕಡೆ ನೋಡುತ್ತಾಳೆ. ಬಸ್ಸು ಹೊರಡುತ್ತದೆ.

ಮರುದಿನ ನ್ಯಾಮತಿಯ ಹೈಸ್ಕೂಲು ಮೇಷ್ಟ್ರೊಬ್ಬರು ವಿಚಾರಿಸಿ, ಹುಡುಗಿ ಹೇಳಿದ್ದೇ ನಿಜವೆಂದರು. ಗಂಡ ಹೆಂಡತಿ ಮತ್ತೆ ಪಡಸಾಲೆಯಲ್ಲಿ ಪೆನ್ನು ಹಿಡಿದು ಕೂತಿದ್ದಾರೆ. ಹೊಸ ಪುಸ್ತಕದಲ್ಲೂ ತಪ್ಪು ಸಿಕ್ಕಿತಲ್ಲ, ಬೇಸರವಿಲ್ಲವೇ ಎಂದರೆ ತಿಪ್ಪೇಶಪ್ಪ ಹಿಡಿದ ಪುಟ ತಿದ್ದಿ ಮುಗಿಸಿ ಪೆನ್ನು ಕೆಳಗಿಡುತ್ತಾರೆ.

“ನಾಚಿಕೆ ಐತ್ರಿ. ಅದು ಹೋಗಂಗಿಲ್ಲ, ಹೋಗಬಾರದು. ಹೋದ ನೌಕರಿ ನನ್ನಿಂದ ತಂದುಕೊಡಾಕೆ ಆಗಲ್ಲ. ಆದ್ರೆ ಅವತ್ತು ನೋಡ್ರಿ, ಪುಸ್ತಕ ಒಂದು ಹೇಳ್ತು, ಬಸ್ಸಿಗೆ ಬಸ್ಸೇ ಹೌದು ಅಂತು. ಆ ಹುಡುಗಿ ಈ ಸಲ ಪೆನ್ನು ಕದಲಿಸಲಿಲ್ಲ.”