ಸೋಮವಾರದ ಎರಡು ರಾಹುಕಾಲ

ಆ ವರ್ಷಗಳಲ್ಲಿ ಏಪ್ರಿಲ್ ಮೊದಲ ಭಾನುವಾರ, ಬೇಸಿಗೆಯ ಸಂಜೆಗೆ ಬೆಳಕು ಉಳಿಯಲೆಂದು, ಅಮೆರಿಕ ತನ್ನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳುತ್ತಿತ್ತು. ಅದರ ಹಿಂದಿನ ಸಂಜೆ ನಾನೂ ನನ್ನ ರೂಮ್‌ಮೇಟೂ ಪಕ್ಕದ ಊರು ಮೆಕಿನ್ನಿಯ ಅಂಕಲ್ ಮನೆಯಲ್ಲಿ ಬಿಸಿಬೇಳೆಬಾತ್ ತಿನ್ನುತ್ತಿದ್ದೆವು. ನಾನು ಮೈಸೂರಿನವನು. ಯಾರಾದರೂ ಎರಡು ಮಾತಾಡಿದರೆ ಮೂರನೆಯದನ್ನು ಅವರದೇ ದನಿಯಲ್ಲಿ ಆಡಿ ಮುಗಿಸುವ ಚಟದವನು. ರೂಮ್‌ಮೇಟ್ ಹುಬ್ಬಳ್ಳಿಯವನು, ನನ್ನನ್ನು ಎರಡು ವರ್ಷ ಸಹಿಸಿದ್ದ.

ಅವನಿಗೆ ಸೋಮವಾರ ಮಧ್ಯಾಹ್ನ ಒಂದಕ್ಕೆ ದ ವುಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿ ಇಂಟರ್ವ್ಯೂ. ಹ್ಯೂಸ್ಟನ್‌ಗಿಂತ ಸ್ವಲ್ಪ ಈಚೆ. ಫಾರ್ಮರ್ಸ್ ಬ್ರಾಂಚ್ ಊರಿನ ನಮ್ಮ ಅಪಾರ್ಟ್‌ಮೆಂಟಿನಿಂದ ಮೂರೂವರೆ ಗಂಟೆಯ ಡ್ರೈವ್. ಆಸ್ಟಿನ್‌ನಲ್ಲಿ ಆಗಲೇ ಎರಡು ಕೈಕೊಟ್ಟಿದ್ದವು. ತಿಂಗಳೊಳಗೆ ಕೆಲಸ ಸಿಗದಿದ್ದರೆ ವೀಸಾ ಮುಗಿದು ಊರಿಗೆ ಗಂಟುಮೂಟೆ. ಇದು ಸಾಲದೆಂದು ಅವರಮ್ಮ ಫೋನಿನಲ್ಲಿ ಆಣೆ ಹಾಕಿದ್ದರು: ರಾಹುಕಾಲದಲ್ಲಿ ಹೊಸ್ತಿಲು ದಾಟಕೂಡದು.

"ಅಂಕಲ್, ಸೋಮವಾರ ರಾಹುಕಾಲ ಎಷ್ಟಕ್ಕರಿ?" ಅಂತ ಅವನು ಕೇಳಿದ. ಸುತ್ತಮುತ್ತಲ ಕನ್ನಡದವರಿಗೆಲ್ಲ ಅಂಕಲ್ಲೇ ಪಂಚಾಂಗ.

ಅಂಕಲ್ ಕನ್ನಡಕ ಮೇಲೇರಿಸಿದರು. "ನೋಡಪ್ಪಾ, ಏಳೂವರೆಯಿಂದ ಒಂಬತ್ತು. ಆದ್ರೆ ಅದು ಸೂರ್ಯನ ಲೆಕ್ಕ. ನಾಳೆಯಿಂದ ಇಲ್ಲಿನ ಗಡಿಯಾರ ಒಂದು ಗಂಟೆ ಸುಳ್ಳು ಹೇಳುತ್ತೆ. ಸರ್ಕಾರ ಎಬ್ಬಿಸಿತು ಅಂತ ರಾಹು ಬೇಗ ಏಳ್ತಾನಾ? ಎಂಟೂವರೆಯಿಂದ ಹತ್ತು ಅಂತ ಇಟ್ಕೋ. ಈ ತಿರುಗಿಸೋ ಆಟಾನೇ ರದ್ದು ಮಾಡ್ಬೇಕು."

"ಮಾಡಿ, ನಿಮಗೇನು," ಅಂದರು ಆಂಟಿ. "ಆಫೀಸಿಂದ ಬಂದು ಒಂದಿಷ್ಟು ಬೆಳಕಲ್ಲಿ ವಾಕ್ ಹೋಗೋಳು ನಾನು. ಟಿವಿ ಮುಂದೆ ಕೂರೋರಿಗೆ ಸೂರ್ಯ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಇಟ್ಸ್ ಜಸ್ಟ್ ಒನ್ ಅವರ್," ಅಂದಳು ಅವರ ಮಗಳು, ತಟ್ಟೆಯಿಂದ ತಲೆಯೆತ್ತದೆ.

ವಾಪಸ್ ಬರುವಾಗ ಕಾರಿನಲ್ಲಿ ರೂಮ್‌ಮೇಟ್ ಚಡಪಡಿಸುತ್ತಿದ್ದ. "ಅವ್ವಗ ಇದೆಲ್ಲಾ ಹೇಳಾಕ ಆಗೂದಿಲ್ಲ. ಆಕಿ ಕ್ಯಾಲೆಂಡರ್‌ನ್ಯಾಗ ಏಳೂವರಿ ಅಂದ್ರ ಎಲ್ಲಿದ್ರೂ ಏಳೂವರಿನ."

"ನೀನು ನಂಬ್ತೀಯಾ?"

"ನಂಬೂದು ಬಿಡಲೇ. ಎಷ್ಟಕ್ಕ ಹೊಂಟಿ ಅಂತ ಕೇಳೇ ಕೇಳ್ತಾಳ. ಸುಳ್ಳ ಹೇಳಿದ್ರ ಆಕಿಗೆ ಗೊತ್ತಾಗ್ತದ."

ಕೊನೆಗೆ ಏಳೂಕಾಲಿಗೇ ಹೊರಡುವುದೆಂದು ತೀರ್ಮಾನವಾಯಿತು. ಅವ್ವನ ರಾಹು, ಅಂಕಲ್ ರಾಹು, ಇಬ್ಬರೂ ಏಳುವ ಮೊದಲೇ ರಸ್ತೆಯಲ್ಲಿರಬೇಕು. ತಪ್ಪಿದರೆ ಒಬ್ಬರಲ್ಲ ಒಬ್ಬರು ಹತ್ತರವರೆಗೆ ಬಾಗಿಲಲ್ಲಿ ಅಡ್ಡ ಕೂತಿರುತ್ತಾರೆ. ಹತ್ತಕ್ಕೆ ಹೊರಟರೆ ಇಂಟರ್ವ್ಯೂ ಹೋದಂತೆಯೇ.

ಭಾನುವಾರ ನಮಗೆ ಎಲ್ಲಿಗೂ ಹೋಗುವುದಿರಲಿಲ್ಲ. ಸಂಜೆ ಅವನು ಶರ್ಟ್ ಇಸ್ತ್ರಿ ಮಾಡುತ್ತ ಕೇಳಿದ, "ಲೇ, ಅಲಾರ್ಮ್ ಮುಂದ ಇಟ್ಟಿಯೇನು?"

ನಾನು ಇಲ್ಲದ ಕನ್ನಡಕ ಮೇಲೇರಿಸಿ ಅಂಕಲ್ ದನಿ ತೆಗೆದೆ: "ನೋಡಪ್ಪಾ, ಎಲ್ಲಾ ತಿರುಗಿಸಿ ಆಯ್ತು. ನಿಶ್ಚಿಂತೆಯಾಗಿ ಮಲಕ್ಕೋ."

ಅವನು ನಕ್ಕು ಮಲಗಿದ. ನಾನು ಏನನ್ನೂ ತಿರುಗಿಸಿರಲಿಲ್ಲ. ತಿರುಗಿಸೋಣವೆಂದೇ ಇದ್ದೆ. ಆದರೆ ಅಂಕಲ್ ಅಷ್ಟು ಚೆನ್ನಾಗಿ ಬಂದಮೇಲೆ ಆಂಟಿಯನ್ನೂ ಒಂದು ಕೈ ನೋಡೋಣವೆಂದು ಕನ್ನಡಿ ಮುಂದೆ ನಿಂತೆ, ಮರೆತೆ.

ಬೆಳಿಗ್ಗೆ ಅವನು ಟೈ ಕಟ್ಟಿ ಕಾರಿನ ಕೀ ಹಿಡಿದು ನಿಂತಾಗ ಅವನ ಅಲಾರ್ಮ್ ಗಡಿಯಾರದಲ್ಲಿ ಏಳೂಕಾಲು. ನಾನು ಮೇಲ್ ನೋಡಲು ಕಂಪ್ಯೂಟರ್ ಆನ್ ಮಾಡಿದೆ. ಮೂಲೆಯಲ್ಲಿ ಎಂಟೂಕಾಲು. ಅದು ಯಾರಿಗೂ ಕಾಯದೆ ತಾನೇ ತಿರುಗಿಸಿಕೊಂಡಿತ್ತು.

ವಿಷಯವನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೊರಡು ಮಾರಾಯ, ಅಂಕಲ್ ಲೆಕ್ಕದಲ್ಲಿ ಇನ್ನೂ ಹದಿನೈದು ನಿಮಿಷ ಇದೆ."

"ಅವ್ವನ ಲೆಕ್ಕದಾಗ ಸುರು ಆಗಿ ಮುಕ್ಕಾಲು ತಾಸು ಆತು."

ಮುಂಗಡ ದುಡ್ಡಿನ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತಿ ಊರಿಗೆ ಫೋನ್ ಮಾಡಿದ. ಲೈನ್ ಬಿಜಿ. ಮತ್ತೆ ಮಾಡಿದ, ಮತ್ತೂ ಬಿಜಿ. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಎಂಟು ಇಪ್ಪತ್ತನಾಲ್ಕು.

"ಅವ್ವನ ದನಿ ತೆಗಿ," ಅಂದ.

"ಏನು?"

"ದಿನಾ ಮಂದಿ ಮುಂದ ತೆಗೀತಿಯಲ್ಲ. ಈಗ ತೆಗಿ. ಹೋಗು ಅಂತ ಹೇಳು."

ಆಕೆಯನ್ನು ನಾನು ಕಂಡವನೇ ಅಲ್ಲ. ಸ್ಪೀಕರ್‌ಫೋನಿನಲ್ಲಿ ಕೇಳಿದ ದನಿಯಲ್ಲಿ "ಉಂಡಿಯೇನು? ಬರೇ ಬ್ರೆಡ್ ತಿಂದಿ?" ಎಂದು ಎರಡು ವರ್ಷ ಪಾಟ್‌ಲಕ್ ಊಟಗಳಲ್ಲಿ ನಗೆ ಗಿಟ್ಟಿಸಿದ್ದೆ. ಈಗ ಪ್ರಯತ್ನಿಸಿದೆ. ಮೊದಲ ಸಲ ಬಂದದ್ದು ಬರೀ ನಾಟಕ, ಅವನು ತಲೆಯಲ್ಲಾಡಿಸಿದ. ಎರಡನೇ ಸಲ ಮೆಲ್ಲಗೆ ಹೇಳಿದೆ: "ಹೋಗಪಾ. ಏನೂ ಆಗೂದಿಲ್ಲ. ಹುಷಾರಾಗಿ ಗಾಡಿ ಹೊಡಿ."

ಅವನು ಕಣ್ಣು ಮುಚ್ಚಿ ಕೇಳಿದ. ಬಲಗಾಲು ಮುಂದಿಟ್ಟು ಹೋದ. ಎಂಟು ಇಪ್ಪತ್ತೇಳು.

ಅವತ್ತು ನಾನು ಯೂನಿವರ್ಸಿಟಿ ಲ್ಯಾಬಿಗೆ ಹೋಗಲಿಲ್ಲ. ಅಲಾರ್ಮ್ ತಿರುಗಿಸಿದೆ, ಮೈಕ್ರೋವೇವ್ ತಿರುಗಿಸಿದೆ, ತಿರುಗಿಸಿದ್ದೇನೋ ಇಲ್ಲವೋ ಅಂತ ಐದೈದು ನಿಮಿಷಕ್ಕೆ ಎದ್ದು ನೋಡಿದೆ. ಅವತ್ತಿನಿಂದ ನಾನು ಅಂಕಲ್ ಪಕ್ಷ. ಈ ಆಟ ರದ್ದಾಗಲಿ, ಆಂಟಿಯ ವಾಕಿಗೆ ಬೇಕಾದರೆ ನಾನೇ ಟಾರ್ಚ್ ಹಿಡಿಯುತ್ತೇನೆ.

ಎರಡು ವಾರದ ನಂತರ ಕೆಲಸ ಸಿಕ್ಕಿತು. ಸುದ್ದಿ ಹೇಳಲು ಊರಿಗೆ ಫೋನ್ ಮಾಡಿದ, ಸ್ಪೀಕರ್‌ನಲ್ಲೇ. ಆಕೆ ಕೇಳಿದ್ದು ಅದನ್ನೇ: "ಅವತ್ತ ಎಷ್ಟಕ್ಕ ಹೊಂಟಿದ್ದಿ?"

"ಎಂಟು ಇಪ್ಪತ್ತೇಳಕ್ಕ."

"ಯಾರ ಬಿಟ್ರು ನಿನ್ನ?"

"ನೀನ ಬಿಟ್ಟಿ, ಅವ್ವ," ಅಂದ. ನಡೆದದ್ದನ್ನೆಲ್ಲ ಹೇಳಿದ. ನಾನು ಕಣ್ಣಲ್ಲೇ ಬೇಡಿಕೊಂಡರೂ ಬಿಡಲಿಲ್ಲ.

"ಅಂವಾ ಅಲ್ಲೇ ಅದಾನೇನು? ಎಲ್ಲಿ, ನನ್ನ ದನಿ ತೆಗಿ ಅನ್ನು. ನಾನೂ ಕೇಳ್ತೀನಿ."

ರೂಮ್‌ಮೇಟ್ ಫೋನನ್ನು ನನ್ನ ಕಡೆ ತಳ್ಳಿದ. ನಾನು ಬಾಯಿ ತೆರೆದೆ. ಕಾರ್ಡಿನ ನಿಮಿಷಗಳು ಓಡುತ್ತಿದ್ದವು, ಆಕೆ ಕಾಯುತ್ತಿದ್ದರು. ನನ್ನಿಂದ ಯಾರ ದನಿಯೂ ಹೊರಡಲಿಲ್ಲ.